ಎರಡೂವರೆ ಇಂಚಿನ ನೋವು

ನಾನು ಸುಳ್ಳು ಹೇಳಿದ್ದು ಬಾಯಿಂದಲ್ಲ, ಪೆನ್ನಿನಿಂದ. ಬಿಳಿ ಹಾಳೆಯ ಮೇಲೆ ಹತ್ತು ಸೆಂಟಿಮೀಟರಿನ ಒಂದು ಗೆರೆ. ಅದರ ಮೇಲೆ ಅಂಕಿ ಇಲ್ಲ, ಗುರುತಿಲ್ಲ. ಎಡತುದಿಯಲ್ಲಿ ‘ನೋವೇ ಇಲ್ಲ’ ಎಂದೂ ಬಲತುದಿಯಲ್ಲಿ ‘ತಡೆಯಲಾರದ ನೋವು’ ಎಂದೂ ಅಚ್ಚಾಗಿರುತ್ತಿತ್ತು. ಹೋದ ವಾರ ನನಗೆ ನೋವು ಎಷ್ಟಿತ್ತೋ ಅಲ್ಲಿಗೆ ಒಂದು ಗೀಟು ಎಳೆಯಬೇಕು, ಅಷ್ಟೇ. ಕೋಲಾರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಈ ಹಾಳೆಯನ್ನು ನನ್ನ ಮುಂದಿಡುತ್ತಿದ್ದರು. ಐದು ತಿಂಗಳು ನಾನು ಅದರ ಮೇಲೆ ಸುಳ್ಳು ಗೀಟು ಎಳೆದೆ.

ನಾನು ಶ್ರೀನಿವಾಸಪುರದಲ್ಲಿ ಬ್ಲೌಸ್ ಹೊಲಿಯುವವಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ, ಅಂಗಡಿಯ ಹಿಂದೆ ಒಂದು ಕೋಣೆ, ವಾಸ ಅಲ್ಲೇ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರ ಜೊತೆ ಮೊದಲೆಲ್ಲ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಕೇಳುವವರೂ ಇಲ್ಲ. ಅಮ್ಮ ಇರುವವರೆಗೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅಮ್ಮ ಹೋದಮೇಲೆ ಮನೆಯಲ್ಲಿ ಮಾತೇ ಇಲ್ಲ. ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಹೇಳಿದ ದಿನಕ್ಕಿಂತ ಮುಂಚೆ ಬಂದು ಬಟ್ಟೆ ಕೇಳಿದವರನ್ನು ನಾನು ಸುಮ್ಮನೆ ಕಳಿಸಿದವಳಲ್ಲ. ಯಾರಿಗಾಗಿಯೂ ಕಾದು ನಿಂತವಳೂ ಅಲ್ಲ. ಅಂಗಡಿಯವನು ಎರಡು ನಿಮಿಷ ಇರಿ ಎಂದರೆ ಸಾಮಾನು ಅಲ್ಲೇ ಬಿಟ್ಟು ಬಂದುಬಿಡುತ್ತೇನೆ.

ಬೆರಳು ಕೈಕೊಡಲು ಶುರುವಾದದ್ದು ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಚಿಕೂನ್‌ಗುನ್ಯಾದಲ್ಲಿ ಮಲಗಿದ್ದ ವರ್ಷ. ನನಗೂ ಜ್ವರ ಬಂದು ಹೋಗಿತ್ತು. ಎಲ್ಲರ ನೋವೂ ಹೋಯಿತು, ನನ್ನದು ಉಳಿಯಿತು. ಬೆಳಗ್ಗೆ ಎದ್ದರೆ ಕೈ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತರೆ ಹತ್ತೂವರೆಯ ಹೊತ್ತಿಗೆ ಕತ್ತರಿ ಹಿಡಿಯುವಷ್ಟಾಗುತ್ತಿತ್ತು. ಚಿಕೂನ್‌ಗುನ್ಯಾ ನೋವು ವರ್ಷಗಟ್ಟಲೆ ಇರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ಅಂದುಕೊಂಡು ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ಒಂದು ವರ್ಷ ತಳ್ಳಿದೆ. ಯಾರಿಗೂ ಹೇಳಲಿಲ್ಲ. ಕೈ ಸರಿಯಿಲ್ಲದ ಟೈಲರಿಗೆ ರೇಷ್ಮೆ ಬ್ಲೌಸು ಯಾರು ಕೊಡುತ್ತಾರೆ? ಬಟ್ಟೆ ತಡವಾದರೆ ಮೆಷಿನ್ ರಿಪೇರಿ ಎನ್ನುತ್ತಿದ್ದೆ. ಕೋಲಾರಕ್ಕೆ ಯಾಕೆ ಹೊರಟೆ ಎಂದರೆ ಲೈನಿಂಗ್ ತರೋಕೆ ಎನ್ನುತ್ತಿದ್ದೆ.

ಕೋಲಾರದ ಡಾಕ್ಟರು ನನ್ನ ಅಂಗೈಯನ್ನು ಅಡ್ಡಕ್ಕೆ ಹಿಡಿದು, ಬೆರಳ ಬುಡದ ಗಂಟುಗಳನ್ನು ಮೆಲ್ಲಗೆ ಒತ್ತಿದರು. ನಾನು ಕೂಗಿಬಿಟ್ಟೆ. ರಕ್ತ ಕೊಟ್ಟೆ, ಎಕ್ಸ್‌ರೇ ಆಯಿತು. ಇದು ಚಿಕೂನ್‌ಗುನ್ಯಾ ಅಲ್ಲ, ಕೀಲುವಾತದಲ್ಲೇ ಒಂದು ಬಗೆ, ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಎಂದರು. ಯಜಮಾನಿಯ ಗುಣವೇ ಅದಕ್ಕೂ ಬಂದಿದೆ ಎಂದುಕೊಂಡೆ. ಇದರ ಚಿಕಿತ್ಸೆಯ ಬಗ್ಗೆ ಅಲ್ಲೊಂದು ಸಂಶೋಧನೆ ನಡೆಯುತ್ತಿತ್ತು. ಕಾಯಿಲೆ ತಗ್ಗುವವರೆಗೆ ತಿಂಗಳಿಗೊಮ್ಮೆ ನೋಡಿ ಮಾತ್ರೆ ಏರಿಸುತ್ತಾರೆ. ತಗ್ಗಿತೆಂದರೆ ಆರು ತಿಂಗಳಿಗೊಮ್ಮೆ ಬಂದರೆ ಸಾಕು. ಏರಿಸಿದರೂ ತಗ್ಗದಿದ್ದರೆ ಇಂಜೆಕ್ಷನ್ನು. ಸೇರುತ್ತೀರಾ ಎಂದು ಕೇಳಿದರು. ಇಷ್ಟವಿಲ್ಲದಿದ್ದರೆ ಬೇಡ, ಮಾಮೂಲಿ ಚಿಕಿತ್ಸೆ ಹೇಗೂ ಕೊಡುತ್ತೇವೆ ಎಂದು ಎರಡೆರಡು ಸಲ ಹೇಳಿದರು. ಸಹಿ ಮಾಡಿದೆ.

ಹಾಗೆ ನಾನು ಆ ಹುಡುಗಿಯ ಮುಂದೆ ಕೂತೆ. ಸಂಶೋಧನೆಗೆ ಸೇರಿದವರನ್ನು ವಿಚಾರಿಸಿ, ಅವರು ಹೇಳಿದ್ದನ್ನೆಲ್ಲ ಬರೆದಿಡುವುದು ಅವಳ ಕೆಲಸ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಮುಳಬಾಗಿಲು ಕಡೆಯ ಹಳ್ಳಿಯವಳು. ನನ್ನ ಕನ್ನಡದ ಎಳೆತ ಕೇಳಿಯೇ ಮನೆಮಾತು ಹಿಡಿದುಬಿಟ್ಟಳು. “ಅಕ್ಕಾ, ಎಟ್ಲುಂಡಾವು?” ಅಂದಳು. ಹೇಗಿದ್ದೀಯಕ್ಕ ಅಂತ. ಅಮ್ಮ ಹೋದಮೇಲೆ ಆ ಮಾತಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನೀರು ಬೇಕು ಅಂತ ಎದ್ದು ಹೋದೆ.

ಅವಳ ಹತ್ತಿರ ಪ್ರಶ್ನೆಗಳ ದೊಡ್ಡ ಪಟ್ಟಿಯಿತ್ತು. ನಿಮ್ಮ ತಲೆ ನೀವೇ ಬಾಚಿಕೊಳ್ಳೋಕೆ ಆಗುತ್ತಾ? ಹುಕ್ಕು ಹಾಕಿಕೊಳ್ಳೋಕೆ? ತುಂಬಿದ ಬಿಂದಿಗೆ ಎತ್ತೋಕೆ? ಮುದ್ದೆ ತಿರುವೋಕೆ? ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ, ಇವುಗಳಲ್ಲಿ ಒಂದನ್ನು ಹೇಳಬೇಕು. ಆಮೇಲೆ, ಇದರಲ್ಲಿ ಯಾವುದಕ್ಕೆ ಬೇರೆಯವರು ಸಹಾಯ ಮಾಡುತ್ತಾರೆ ಎನ್ನುವ ಪ್ರಶ್ನೆ. ಅದಕ್ಕೆ ಪ್ರತಿ ಸಲವೂ ಯಾರೂ ಇಲ್ಲ ಎನ್ನುತ್ತಿದ್ದೆ, ಅವಳು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದಳು. ಅದು ಅಚ್ಚು ಹಾಕಿಸಿದ ಪ್ರಶ್ನೆ, ಎಲ್ಲರಿಗೂ ಕೇಳುವ ಪ್ರಶ್ನೆ ಎಂದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಒಬ್ಬಳು ಮೂವತ್ತು ನಿಮಿಷ ನನ್ನೆದುರು ಕೂತು, ನಾನು ತಲೆ ಹೇಗೆ ಬಾಚಿಕೊಂಡೆ ಎಂದು ಕೇಳಿ, ನಾನು ಹೇಳಿದ್ದನ್ನು ಬರೆದಿಡುತ್ತಿದ್ದಳು. ತಿಂಗಳ ಮೊದಲ ಸೋಮವಾರಕ್ಕೆ ನಾನು ವಾರದಿಂದಲೇ ಸೀರೆ ಆರಿಸಿಡುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸಾಲು ಮಾವಿನ ತೋಟ ನೋಡುತ್ತಾ, ಅವಳಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ.

ಮಾತ್ರೆ ಹಿಡಿಯಿತು. ವಾರಕ್ಕೊಂದು ದಿನ ಮಾತ್ರ ನುಂಗುವ ಮಾತ್ರೆ ಅದು, ಜೊತೆಗೆ ಇನ್ನೊಂದು ಸಣ್ಣದು. ನಾಲ್ಕನೆಯ ತಿಂಗಳಿಗೆ ಬಿಸಿನೀರು ಬೇಡವಾಯಿತು. ಆರನೆಯ ತಿಂಗಳಿಗೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದೆ. ಅಂದು ಡಾಕ್ಟರು ಇಪ್ಪತ್ತೆಂಟು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮುಖ ಅರಳಿಸಿಕೊಂಡು, ಇನ್ನೊಂದು ಸಲ ಹೀಗೇ ಇದ್ದರೆ ಇನ್ನು ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಆ ಹುಡುಗಿಯೂ ನಕ್ಕಳು. ಇಬ್ಬರೂ ನನಗೆ ಒಳ್ಳೆಯ ಸುದ್ದಿ ಹೇಳುತ್ತಿದ್ದರು. ನಾನು ಮಾತ್ರ ಮಡಿಲಲ್ಲಿ ಬೆರಳು ಮಡಿಸುತ್ತಾ ಆರು ತಿಂಗಳು ಎಣಿಸಿದೆ.

ಮುಂದಿನ ತಿಂಗಳು ಹಾಳೆ ಬಂದಾಗ ನನ್ನ ಕೈ ತಾನಾಗಿ ಬಲಕ್ಕೆ ಸರಿದು ಗೀಟು ಎಳೆಯಿತು. ಕೀಲು ಒತ್ತಿದಾಗ ಏಳೆಂಟು ಕಡೆ ಹಾ ಎಂದೆ. ಡಾಕ್ಟರು ಮತ್ತೆ ಮತ್ತೆ ಒತ್ತಿದರು. ಊತ ಕಾಣುತ್ತಿಲ್ಲ, ರಕ್ತದಲ್ಲೂ ಉರಿಯೂತದ ಗುರುತಿಲ್ಲ, ಆದರೂ ನೋವು ಅಂತೀರಲ್ಲ ಎಂದರು. ನೋವು ನಂದು ತಾನೇ ಎಂದು ಗದರಿಬಿಟ್ಟೆ. ಪಾಪ, ನಂಬಿದರು. ಮಾತ್ರೆ ಏರಿಸಿದರು. ತಿಂಗಳಾದಮೇಲೆ ಮತ್ತೂ ಏರಿಸಿದರು.

ಏರಿಸಿದ ಮಾತ್ರೆ ಸುಮ್ಮನಿರುತ್ತದೆಯೇ? ಬಾಯಲ್ಲೆಲ್ಲ ಹುಣ್ಣು, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಮಾತ್ರೆ ನುಂಗಿದ ಮಾರನೆಯ ದಿನ ವಾಕರಿಕೆ. ಬಾಚಣಿಗೆ ತುಂಬ ಕೂದಲು. ಯಕೃತ್ತಿನ ಪರೀಕ್ಷೆಯಲ್ಲಿ ಏನೋ ಜಾಸ್ತಿಯಾಗುತ್ತಿದೆ ಎಂದು ಡಾಕ್ಟರು ಹುಬ್ಬು ಗಂಟಿಕ್ಕಿದರು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ಪ್ರತಿ ತಿಂಗಳೂ ಆ ಕುರ್ಚಿ, ಆ ಪಟ್ಟಿ, “ಎಟ್ಲುಂಡಾವಕ್ಕಾ” ಎನ್ನುವ ಆ ದನಿ ಸಿಗುತ್ತಿತ್ತಲ್ಲ. ಇಲ್ಲದ ನೋವಿಗೆ ಮಾತ್ರೆ ನುಂಗಿ, ಆ ಮಾತ್ರೆಯಿಂದ ನಿಜವಾದ ನೋವು ತಂದುಕೊಂಡೆ. ಎಂಥ ಹುಚ್ಚಿ ನಾನು ಅಂತ ಈಗ ಅನ್ನಿಸುತ್ತದೆ.

ಐದನೆಯ ಸುಳ್ಳಿನ ತಿಂಗಳಲ್ಲಿ ಡಾಕ್ಟರು ಸೋತರು. ಇನ್ನು ಇಂಜೆಕ್ಷನ್ನಿಗೆ ಹೋಗೋಣ, ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಆಗಬೇಕು ಎಂದು ಬರೆದುಕೊಟ್ಟರು. ಅದಕ್ಕೆ ಆ ಹುಡುಗಿ ನನ್ನ ಹಳೆಯ ಹಾಳೆಗಳನ್ನೆಲ್ಲ ತೆಗೆದು ಒಂದೇ ಕಾಗದದ ಮೇಲೆ ಅಂಕಿಗಳನ್ನು ಇಳಿಸಬೇಕಿತ್ತು. ನಾನು ಎಳೆದ ಗೀಟನ್ನು ಪ್ರತಿ ಸಲವೂ ಸ್ಕೇಲಿಟ್ಟು ಅಳೆದು ಮಿಲಿಮೀಟರಿನಲ್ಲಿ ಬರೆದಿಡುವವಳು ಅವಳೇ. ಎಕ್ಸ್‌ರೇ ಮುಗಿಸಿ ಬಂದಾಗ ಅವಳ ಮುಖ ಬೇರೆಯಾಗಿತ್ತು. ಊಟದ ಹೊತ್ತು. ಆಸ್ಪತ್ರೆಯ ಹಿಂದೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋಗಿ ಹಾಳೆಗಳನ್ನು ನನ್ನ ಮಡಿಲಲ್ಲಿಟ್ಟಳು.

ಮೊದಲ ಆರು ತಿಂಗಳ ಗೀಟುಗಳು ಒಂದೊಂದು ಕಡೆ ಇದ್ದವು. ಎಂಬತ್ತೆಂಟು, ಎಪ್ಪತ್ತು, ಐವತ್ತೊಂದು, ಹೀಗೆ ಇಳಿದಿದ್ದವು. ಕೊನೆಯ ಐದು, ಅರವತ್ನಾಲ್ಕು. ಒಂದು ಮಾತ್ರ ಅರವತ್ಮೂರು.

“ನೋವು ಒಂದೇ ಜಾಗದಲ್ಲಿ ನಿಲ್ಲಲ್ಲ ಅಕ್ಕ,” ಅಂದಳು. “ಸ್ಕೇಲಿಲ್ಲದೆ ಎಳಿ ಅಂದ್ರೆ ಯಾರ ಕೈಲೂ ಹಿಂಗೆ ಬರಲ್ಲ.”

ನಾನು ಆ ಗೀಟುಗಳನ್ನು ನೋಡಿದೆ. ಅರವತ್ನಾಲ್ಕು ಮಿಲಿಮೀಟರು ಎಂದರೆ ಎರಡೂವರೆ ಇಂಚು. ಬ್ಲೌಸಿನ ಭುಜದ ಪಟ್ಟಿಯ ಅಗಲ. ಮೂವತ್ತು ವರ್ಷದಿಂದ ಟೇಪಿಲ್ಲದೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದ ಅಳತೆ. ಸುಳ್ಳು ಹೇಳಲು ಹೊರಟ ಕೈ ತನಗೆ ಗೊತ್ತಿದ್ದ ಜಾಗಕ್ಕೇ ಹೋಗಿ ನಿಂತಿತ್ತು. ನಗು ಬಂತು.

ನಿಜ ಹೇಳಿಬಿಟ್ಟೆ. ನೋವು ಹೋಗಿ ಐದು ತಿಂಗಳಾಯಿತು ಎಂದೆ. ಅವಳು ಬೈಯಲಿಲ್ಲ, ಅದೇ ನನಗೆ ಕಷ್ಟವಾದದ್ದು. ಇಂಜೆಕ್ಷನ್ನು ಆಟವಲ್ಲ, ಮೈಯ ಕಾವಲನ್ನೇ ತಗ್ಗಿಸುತ್ತದೆ, ಒಳಗೆ ಅಡಗಿದ ಕ್ಷಯ ಎದ್ದು ಕೂರಬಹುದು, ನಿಮ್ಮ ಯಕೃತ್ತು ಆಗಲೇ ಬಳಲಿದೆ ಎಂದು ಬಿಡಿಸಿ ಹೇಳಿದಳು. ಆಮೇಲೆ ಮೆಲ್ಲಗೆ ಅಂದಳು: “ಇದು ನಿಮ್ಮೊಬ್ಬರ ಲೆಕ್ಕ ಅಲ್ಲ ಅಕ್ಕ. ನಿಮ್ಮ ಹಾಳೆ ನೋಡಿ, ಈ ಮಾತ್ರೆ ಕೆಲಸ ಮಾಡಲ್ಲ ಅಂತ ನಾಳೆ ಇನ್ಯಾರಿಗೋ ಇಂಜೆಕ್ಷನ್ ಬರೀತಾರೆ. ನಾನು ನಂಬಿ ಬರ್ಕೊಂಡೆ.”

ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗಲೇ ನನಗೆ ಸಿಟ್ಟು ಜಾಸ್ತಿ. “ವಾಸಿಯಾಯ್ತು ಅಂದ್ರೆ ನೀನು ಆರು ತಿಂಗಳು ಕೇಳಲ್ಲ ಕಣೇ,” ಅಂದೆ. “ನಿನ್ನ ಬಿಟ್ರೆ ನನ್ನ ಹೇಗಿದ್ದೀಯಾ ಅಂತ ಕೇಳೋರು ಯಾರಿದಾರೆ ಹೇಳು. ಒಬ್ಬರ ಹೆಸರು ಹೇಳು ನೋಡೋಣ.”

ಅವಳು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಅವಳ ಊಟದ ಡಬ್ಬಿ ತೆರೆಯದೆ ಹಾಗೇ ಉಳಿಯಿತು.

ಡಾಕ್ಟರ ಹತ್ತಿರ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಇಂಜೆಕ್ಷನ್ನಿನ ಚೀಟಿಗೆ ಅಡ್ಡಗೆರೆ ಹೊಡೆದರು. ಯಕೃತ್ತು ಸುಧಾರಿಸುವವರೆಗೆ ವಾರದ ಮಾತ್ರೆ ನಿಲ್ಲಿಸಿ, ಆಮೇಲೆ ಮೊದಲಿನಷ್ಟೇ ಕೊಡುತ್ತೇನೆ ಎಂದರು. ನಡೆದದ್ದನ್ನು ಮೇಲಿನವರಿಗೆ ಬರೆಯಲೇಬೇಕು, ನಿಮ್ಮ ಐದು ತಿಂಗಳ ಹಾಳೆ ಸಂಶೋಧನೆಗೆ ಬರುವುದಿಲ್ಲ, ನೀವೂ ಇದರಲ್ಲಿ ಇನ್ನು ಮುಂದುವರಿಯುವ ಹಾಗಿಲ್ಲ ಎಂದರು. ಚಿಕಿತ್ಸೆ ನಿಲ್ಲುವುದಿಲ್ಲ, ಆದರೆ ಅದು ಬೇರೆ ವಿಭಾಗ, ಬೇರೆ ಕೋಣೆ, ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ಕೂರಬೇಕು. ರಕ್ತ ಸರಿಹೋದಮೇಲೆ ಆರು ತಿಂಗಳಿಗೊಮ್ಮೆ.

ಕೊನೆಯದಾಗಿ ಒಂದು ಹಾಳೆ ತುಂಬಬೇಕಿತ್ತು. ಹುಡುಗಿ ಪೆನ್ನು ಕೊಟ್ಟಳು. ಗೆರೆಯ ಎಡತುದಿಗೆ ಅಂಟಿದಂತೆ ಗೀಟು ಎಳೆದೆ. ಅದರ ಕೆಳಗೆ ಇನ್ನೊಂದು ಗೆರೆಯಿತ್ತು, ಕಾಯಿಲೆಯಿಂದಾಗಿ ಒಟ್ಟಾರೆ ನೀವು ಹೇಗಿದ್ದೀರಿ ಅಂತ. ಕಾಯಿಲೆ ಅಲ್ಲದ್ದನ್ನೂ ಸೇರಿಸಬಹುದಾ ಎಂದು ಕೇಳಿದೆ. ಇಲ್ಲ ಅಕ್ಕ, ಕಾಯಿಲೆಯದು ಮಾತ್ರ ಎಂದಳು. ಹಾಗಾದರೆ ಚೆನ್ನಾಗಿದ್ದೇನೆ ಎಂದು ಅಲ್ಲೂ ಎಡತುದಿಗೇ ಎಳೆದೆ. ಅವಳು ಸ್ಕೇಲಿಟ್ಟು ಅಳೆದು ಬರೆದುಕೊಂಡಳು. ಫೋನ್ ನಂಬರು ಅವಳು ಕೊಡಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಹೊರಗೆ ಮಾಲೂರಿನ ಕಡೆಯ ಒಬ್ಬ ಹೆಂಗಸು ಊದಿದ ಮಣಿಕಟ್ಟು ಹಿಡಿದುಕೊಂಡು ಕಾಯುತ್ತಿದ್ದಳು. ಹುಡುಗಿ ಅವಳನ್ನು ಒಳಗೆ ಕರೆದಳು.

ಅದರ ಮುಂದಿನ ತಿಂಗಳ ಮೊದಲ ಸೋಮವಾರ ಬಂದಾಗ ನಾನು ಎಲ್ಲೂ ಹೋಗಬೇಕಿರಲಿಲ್ಲ. ಬಾಯಿಹುಣ್ಣು ಮಾಯ್ದಿತ್ತು, ಬೆರಳು ಹೇಳಿದ ಮಾತು ಕೇಳುತ್ತಿತ್ತು. ಬೆಳಗ್ಗೆಯಿಂದ ಮೂರು ಬ್ಲೌಸು ಕತ್ತರಿಸಿದೆ. ಇಷ್ಟು ಚೆನ್ನಾಗಿದ್ದೇನೆ, ಹೇಳುವುದು ಯಾರಿಗೆ ಎಂದು ಸಂಕಟವಾಯಿತು. ತಡೆಯಲಾರದೆ ಎದ್ದು ರಸ್ತೆ ದಾಟಿದೆ. ಎದುರಿಗೆ ಒಬ್ಬಳು ಹೂವಿನ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿದೆ. ನೀರು ನನ್ನ ಬಾಗಿಲ ಕಡೆ ಚೆಲ್ಲುತ್ತಾಳೆಂದು ಬೈದದ್ದು ಬಿಟ್ಟರೆ ನಾನು ಅವಳ ಹತ್ತಿರ ಮಾತಾಡಿದ್ದು ಕಡಿಮೆ. ಅವಳು ಸೇವಂತಿಗೆ ಕಟ್ಟುತ್ತಿದ್ದಳು. ನೀರಿನ ಜಗಳವೇ ಇರಬೇಕೆಂದು ಅವಳು ಬಿಂದಿಗೆ ಹಿಂದಕ್ಕೆ ಸರಿಸಿದಳು.

“ನಂಗೆ ವಾಸಿಯಾಯ್ತು,” ಅಂದೆ.

ಕಟ್ಟುತ್ತಿದ್ದ ಕೈ ನಿಂತಿತು. “ಅಯ್ಯೋ, ನಿಮಗೇನಾಗಿತ್ತಕ್ಕ?”

ಇಪ್ಪತ್ತು ಹೆಜ್ಜೆ ಆಚೆ ಕೂತವಳಿಗೆ ಗೊತ್ತಿರಲಿಲ್ಲ. ಕೇಳುವವರಿಲ್ಲ ಎಂದು ಹೊಂಗೆ ಮರದ ಕೆಳಗೆ ಕೂಗಾಡಿದೆನಲ್ಲ; ನಾನು ಯಾರಿಗೆ ಹೇಳಿದ್ದೆ? ನಾಚಿಕೆಯಾಯಿತು. “ಕೈ...” ಎಂದು ಶುರು ಮಾಡುವಷ್ಟರಲ್ಲಿ ಸ್ಕೂಟರಿನಲ್ಲಿ ಯಾರೋ ಗಿರಾಕಿ ಬಂದು ಎರಡು ಮೊಳ ಹೂವು ಕೇಳಿದರು. “ಇರಕ್ಕ, ಬಂದೆ,” ಎಂದು ಅವಳು ಆ ಕಡೆ ತಿರುಗಿದಳು.

ಗಿರಾಕಿ ಆ ಹೂವು ಬೇಡ, ಈ ಹೂವು ಕೊಡಿ ಎಂದು ಚೌಕಾಸಿ ಮಾಡುತ್ತಾ ನಿಂತರು. ಬಿಸಿಲು ನೆತ್ತಿ ಸುಡುತ್ತಿತ್ತು, ಅಂಗಡಿಯಲ್ಲಿ ಬಟ್ಟೆ ಹಾಗೇ ಬಿದ್ದಿತ್ತು. ಅವರು ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ.