ಗಾಳಕ್ಕೂ ಚಾತುರ್ಮಾಸ

ಅಂಬಿಗೇರ ಹನಮಪ್ಪನನ್ನು ಇದನ್ನು ಬರೆಯುವವನು ಎರಡು ವರ್ಷ ಪೂರ್ತಿ ಮಹಾಭಕ್ತನೆಂದೇ ತಿಳಿದಿದ್ದ. ಹುನಗುಂದದಿಂದ ಬಾಗಲಕೋಟೆಗೆ ಹೋಗುವ ಮುಂಜಾನೆಯ ಮೋಟಾರು ಬೇವೂರಿನ ಕಡೆ ಒಂದು ಕೆರೆಯ ಒಡ್ಡಿನ ಹತ್ತಿರ ನಿಲ್ಲುತ್ತಿತ್ತು. ಇಂಜಿನ್ನಿಗೆ ನೀರು ಕುಡಿಸದೆ ಅದು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಅದೇ ಹೊತ್ತಿಗೆ, ಮೊಣಕಾಲ ತನಕ ಧೋತರ ಎತ್ತಿ ಕಟ್ಟಿದ ಒಬ್ಬ ಮನುಷ್ಯ ಒಡ್ಡಿನ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಹಳದಿ ಉಂಡೆಗಳನ್ನು ಒಂದೊಂದಾಗಿ ಬಿಡುತ್ತಿದ್ದ. ತುಟಿಗಳು ಅಲ್ಲಾಡುತ್ತಿದ್ದವು. ಗಂಗವ್ವನಿಗೆ ನೈವೇದ್ಯ, ಬಾಯಲ್ಲಿ ಮಂತ್ರ! ಹುನಗುಂದದ ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ‘ಅಕ್ಷರ ಬಾರದವರ ಭಕ್ತಿ’ ಎಂಬ ವಿಷಯವಾಗಿ ಅರ್ಧ ತಾಸು ಭಾಷಣ ಮಾಡಿದ್ದೂ ಆಯಿತು. ಕೊನೆಗೆ ಮೋಟಾರಿನ ಡ್ರೈವರ್ ಗೌಸಸಾಬನೇ ಕನಿಕರಪಟ್ಟು ಹೇಳಿದ: “ಎಲ್ಲೀ ಮಂತ್ರರೀ? ಅವ ಮೀನಕ್ಕ ಬೈಲಿಕ್ಕತ್ತಾನ. ಸನೇಕ ಹೋಗಿ ಕೇಳ್ರಿ.”

ಹೋಗಿ ಕೇಳಿದರೆ ಖರೆ. “ಬಾರಲೇ ಹರಕತುಟಿ, ತಿನ್ನು. ನನ್ನ ಮಕ್ಕಳ ಬಾಯಾಗಿಂದು ತಿಂದು ಮೈ ಬೆಳಸೀದಿ. ಈಗ ಎಲ್ಲೆರ ಓಡಿ ಹ್ವಾದಿ ಅಂದ್ರ ನಿನ್ನ ವಂಶ ಉಳಸೂದಿಲ್ಲ ನೋಡ.”

ಹನಮಪ್ಪ ಆ ಕೆರೆಯ ತೂಬು ಕಾಯುವ ಆಳು. ಹನ್ನೊಂದು ವರ್ಷದಿಂದ ರೋಜಂದಾರಿ. ಅಂದರೆ ದಿನಾ ಸಂಜೆ ಅವನ ನೌಕರಿ ಸಾಯುತ್ತಿತ್ತು, ದಿನಾ ಮುಂಜಾನೆ ಮತ್ತೆ ಹುಟ್ಟುತ್ತಿತ್ತು. ‘ನಾಳೆ ಬರಬ್ಯಾಡ’ ಎನ್ನಲು ಯಾರಿಗೂ ಕಾಗದ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ ಮಾತು: ಕಾಯಂ. ಆ ಮಾತನ್ನು ಬರೆದು ಕೆಳಗೆ ಸಹಿ ಹಾಕುವ ಕೈ ಇದ್ದುದು ಇಂಜಿನಿಯರ ಪ್ರಾಣೇಶರಾಯರದು.

ರಾಯರು ಪಂಚೆ ಉಟ್ಟರೆ ಆಚಾರ್ಯರು, ಚಡ್ಡಿ ತೊಟ್ಟರೆ ಸಾಹೇಬರು. ಯಾವುದೋ ಬಿಳಿಯ ಅಧಿಕಾರಿಯ ಕೈಕೆಳಗೆ ನೌಕರಿ ಕಲಿಯುವಾಗ ಗಾಳ ಹಾಕುವುದನ್ನೂ ಕಲಿತಿದ್ದರು. ಮೀನು ಹಿಡಿಯುವುದು ಅಧಿಕಾರಿಯ ಲಕ್ಷಣ; ತಿನ್ನುವುದು ಅನಾಚಾರ. ಹಿಡಿದದ್ದನ್ನು ತೂಗಿ, ನೋಡಿ ಆನಂದಪಟ್ಟು, ತಿರುಗಿ ನೀರಿಗೆ ಬಿಡುವುದು ಅವರು ಕಂಡುಕೊಂಡ ಮಧ್ಯಮ ಮಾರ್ಗ. ಹುಳು ಚುಚ್ಚುವುದು ಹಿಂಸೆಯಾದ್ದರಿಂದ ಅವರ ಗಾಳಕ್ಕೆ ಕಡ್ಲಿಹಿಟ್ಟಿನ ಉಂಡೆ. ಮೀನಿನ ತುಟಿಗೆ ಕೊಕ್ಕೆ ಚುಚ್ಚುವುದು ಯಾವುದರಲ್ಲಿ ಬರುತ್ತದೆಂದು ಯಾರೂ ಕೇಳಿರಲಿಲ್ಲ. ರೋಜಂದಾರಿ ಆಳು ಅಂಥ ಪ್ರಶ್ನೆ ಕೇಳಲಾರ.

ಪ್ರತಿ ವರ್ಷ ಕಾರ್ತಿಕ ಮುಗಿದು ಚಳಿ ಬಿದ್ದೊಡನೆ ರಾಯರ ಜೀಪು ಕೆರೆಯ ಬಂಗಲೆಗೆ ಬರುತ್ತಿತ್ತು. ಮೀನು ಸಿಕ್ಕರೆ ರಾಯರಿಗೆ ಸಂತೋಷ, ರಾಯರಿಗೆ ಸಂತೋಷವಾದರೆ ಸಹಿ. ಇಷ್ಟು ಸರಳ ಗಣಿತ ಹನಮಪ್ಪನಿಗೂ ಬರುತ್ತಿತ್ತು. ಅದಕ್ಕೇ ಹೆಂಡತಿ ಇಂದ್ರವ್ವ ಬೀಸಿದ ಕಡ್ಲಿಹಿಟ್ಟು ಮನೆಯ ಜುಣಕದ ಪಾತ್ರೆಗೆ ಬೀಳದೆ ಕೆರೆಗೆ ಬೀಳುತ್ತಿತ್ತು. ತೂಬಿನ ಹತ್ತಿರ ಒಂದು ಮೀನನ್ನು ಅವನು ಹೋರಿ ಕಟ್ಟಿ ಸಾಕಿದಂತೆ ಸಾಕಿದ್ದ. ಹಿಂದಿನ ನಾಲ್ಕು ವರ್ಷವೂ ರಾಯರ ಗಾಳಕ್ಕೆ ಬಿದ್ದದ್ದು ಅದೊಂದೇ. ಎಡತುಟಿಯ ಹರಕು ಅವನಿಗೆ ಗುರ್ತು. ರಾಯರಿಗೆ ಮಾತ್ರ ಪ್ರತಿಸಲವೂ ಹೊಸ ಮೀನು.

“ಹ್ವಾದ ವರ್ಷದ್ದರ ಅಣ್ಣ ಇರಬೇಕಲ್ಲೋ ಇದು?”

“ಹೌದ್ರಿ, ಅಣ್ಣನ ರೀ.”

“ಮುಂದಿನ ವರ್ಷ ನಿನ್ನ ಕಾಯಂ ಮಾಡೇ ಬಿಡ್ತೇನಿ.”

ಹೀಗೆ ಮೀನಿಗೆ ವರ್ಷಕ್ಕೊಬ್ಬ ಅಣ್ಣ ಹುಟ್ಟಿದ. ಹನಮಪ್ಪನ ಕಾಗದ ಹುಟ್ಟಲಿಲ್ಲ.

೧೯೫೬ರಲ್ಲಿ ಗೌಸಸಾಬ ಬಾಗಲಕೋಟೆಯಿಂದ ಸುದ್ದಿ ತಂದ. ನವೆಂಬರ್ ಒಂದನೆಯ ತಾರೀಖಿನಿಂದ ಈ ಸೀಮೆ ಮುಂಬೈ ಸರಕಾರ ಬಿಟ್ಟು ಮೈಸೂರು ಸೇರುತ್ತದೆ. ಪ್ರಾಣೇಶರಾಯರು ಮುಂಬೈ ಸರಕಾರದಲ್ಲೇ ಉಳಿದು ಪುಣೆಯ ಕಡೆ ಹೋಗುತ್ತೇನೆಂದು ಬರೆದುಕೊಟ್ಟಿದ್ದಾರೆ. “ಅವರ ಸಹಿ ಮೂವತ್ತೊಂದರ ತನಕ ನಡೀತೈತಿ. ಮರುದಿನ ನನ್ನ ಸಹಿನೂ ಒಂದ, ಅವರದೂ ಒಂದ.”

ಆ ವರ್ಷ ರಾಯರು ಕಾರ್ತಿಕ ಮುಗಿಯುವ ತನಕ ಕಾಯಲಿಲ್ಲ. ಕೊನೆಯ ಬೇಟೆ ಎಂದು ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೇ ಬಂದಿಳಿದರು. ಚೀಲದಿಂದ ಕಾಗದ ತೆಗೆದು ದೂರದಿಂದ ತೋರಿಸಿದರು. ಟೈಪಾಗಿತ್ತು, ಕೆಳಗಿನ ಜಾಗವೊಂದು ಖಾಲಿ.

“ಮೊದಲ ಮೀನ, ಆಮ್ಯಾಲೆ ಸಹಿ. ಏನಂತೀ?”

“ಈಗ ಹಾಕ್ರಿ ಗಾಳ,” ಎಂದ ಹನಮಪ್ಪ.

“ಹುಚ್ಚನ ಹಂಗ ಮಾತಾಡಬ್ಯಾಡ. ಇವತ್ತು ಏಕಾದಶಿ.”

ಮೂರರಲ್ಲಿ ಒಂದು ದಿನ ಹೀಗೆ ಉಪವಾಸ ಹೋಯಿತು. ಮರುದಿನ ರಾಯರ ಪಾರಣೆ ಮುಗಿಯುವುದನ್ನು ಕಾಯ್ದು ಹನಮಪ್ಪ ಹಿಟ್ಟಿನ ಬಟ್ಟಲು ಮುಂದಿಟ್ಟ. ರಾಯರು ಹಾವು ಕಂಡವರಂತೆ ಹಿಂದೆ ಸರಿದರು.

“ಕಡ್ಲೀ ಏನೋ ಇದು? ತೆಗಿ, ತೆಗಿ! ಚಾತುರ್ಮಾಸದ ನಾಲ್ಕನೇ ತಿಂಗಳು. ಬ್ಯಾಳಿಕಾಳು ಮುಟ್ಟೂ ಹಂಗಿಲ್ಲ ನಾ.”

“ಮುಟ್ಟಬ್ಯಾಡ್ರಿ. ನಾ ಹಚ್ಚಿಕೊಡ್ತೇನಿ. ತಿನ್ನೂದು ಮೀನರೀ, ನೀವಲ್ಲ.”

“ಗಾಳ ಯಾರದು? ನಂದು. ನನ್ನ ಗಾಳಕ್ಕೂ ವ್ರತ ಅದ. ಅಕ್ಕಿಹಿಟ್ಟು ತಗೊಂಡು ಬಾ.”

ಅಕ್ಕಿಹಿಟ್ಟಿನ ಬಿಳಿ ಉಂಡೆ ನೀರಿಗಿಳಿಯಿತು. ಹರಕತುಟಿ ಬಂತು, ಮೂಗು ತಾಗಿಸಿತು, ಬೆನ್ನು ತಿರುಗಿಸಿ ಹೋಯಿತು. ನಾಲ್ಕು ವರ್ಷ ಕಡ್ಲಿ ತಿಂದ ಬಾಯಿ. ಇಳಿಹೊತ್ತಿನ ತನಕ ರಾಯರು ಕುಳಿತರು. ಬರುಬರುತ್ತ ಅವರ ಮುಖವೂ ಮೀನಿನ ಮುಖದಂತಾಯಿತು.

ದೀಪ ಹಚ್ಚುವ ಹೊತ್ತಿಗೆ ಹನಮಪ್ಪ ಮನೆಯ ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕುಳಿತಿದ್ದ. ಇಂದ್ರವ್ವ ಎಲ್ಲ ಕೇಳಿಸಿಕೊಂಡಳು.

“ಇಷ್ಟಕ್ಕ ಹಿಂಗ್ಯಾಕ ಕುಂತಿ? ಒಳಗ ಕಡ್ಲಿ, ಮ್ಯಾಲ ಅಕ್ಕಿ. ಕಡಬು ಮಾಡಿಧಂಗ ಮಾಡು. ಅವರ ಕಣ್ಣಿಗೆ ಬೆಳ್ಳಗ, ಅದರ ಬಾಯಿಗೆ ಹಳದಿ.”

“ಅವರ ವ್ರತ ಕೆಡಸಿಧಂಗ ಆಗತೈತಲ್ಲ.”

“ಹನ್ನೊಂದು ವರ್ಷ ನಮ್ಮ ಹೊಟ್ಟಿ ವ್ರತ ಹಿಡದೈತಿ. ಅದನ್ನ ಯಾರ ಕೆಡಿಸ್ಯಾರ?”

ಮೂವತ್ತೊಂದರ ಮಧ್ಯಾಹ್ನ ಕಡಬು ನೀರಿಗಿಳಿಯಿತು. ಕೋಲು ಬಿಲ್ಲಾಗಿ ಬಾಗಿತು. ರಾಯರು ಒಂದು ಕಾಲಲ್ಲಿ ಕುಣಿದರು, ಇನ್ನೊಂದು ಕಾಲಲ್ಲಿ ಜಾರಿದರು. ಹನಮಪ್ಪ ಸೊಂಟ ಹಿಡಿದ. ಕಡೆಗೂ ಮೀನು ಮೆಟ್ಟಿಲಿಗೆ ಬಂದು ಬಿತ್ತು.

“ಅಣ್ಣಂದಿರ ಪೈಕಿ ಇವನ ಹಿರ್ಯಾ! ತಾರೋ ಕಾಗದ!”

ಹನಮಪ್ಪ ಬಂಗಲೆಗೆ ಓಡಿ ಕಾಗದ ತಂದ, ಲೇಖನಿ ತಂದ, ಕಲ್ಲಿನ ಮೇಲೆ ಹಾಸಿ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಹರಳು ಇಟ್ಟ. ಅಷ್ಟರಲ್ಲಿ ರಾಯರು, ಯಾವ ವರ್ಷವೂ ಹನಮಪ್ಪನಿಗೆ ಬಿಟ್ಟುಕೊಡದ ಒಂದು ಹೆಮ್ಮೆಯ ಕೆಲಸವನ್ನು ಮಾಡುತ್ತಿದ್ದರು: ಮೀನಿನ ಬಾಯಿಂದ ಕೊಕ್ಕೆಯನ್ನು ತಾವೇ ಬಿಡಿಸುತ್ತಿದ್ದರು. ಬೆರಳಿಗೆ ಏನೋ ಮೆತ್ತಿತು. ನೋಡಿದರು. ಹಳದಿ. ಮೂಸಿದರು.

“ಕಡ್ಲಿ.”

ಹನಮಪ್ಪ ಲೇಖನಿ ಮುಂದೆ ಹಿಡಿದ.

“ಇಪ್ಪತ್ತಾರು ವರ್ಷದ ವ್ರತ! ಒಂದ ದಿನ ತಪ್ಪಿರಲಿಲ್ಲೋ!”

“ಸಾಹೇಬ್ರ, ತಪ್ಪು ನಂದರೀ. ಬೈರಿ, ಹೊಡೀರಿ. ಸಹಿ ಒಂದ ಮಾಡ್ರಿ. ಇವತ್ತ ಕಡೀ ದಿನ.”

“ಈ ಕೈಯಿಂದ ಸಹಿ ಮಾಡಲ್ಯಾ? ಮೈಲಿಗಿ ಕೈಯಿಂದ? ನಾ ಅಂಥವ ಅಲ್ಲ.”

ರಾಯರು ಬಾವಿಗೆ ಹೋದರು. ತಲೆಯ ಮೇಲೆ ಹನ್ನೆರಡು ಕೊಡ ಸುರಿದುಕೊಂಡರು. ಒದ್ದೆ ಬಟ್ಟೆಯಲ್ಲೇ ಬಂಗಲೆಯ ಬಾಗಿಲು ಹಾಕಿಕೊಂಡು ಜಪಕ್ಕೆ ಕುಳಿತರು. ಹನಮಪ್ಪ ಕಾಗದ ಹಿಡಿದು ಬಾಗಿಲ ಹೊರಗೆ ಕುಳಿತ. ಹೊತ್ತು ಮುಳುಗಿತು. ಮೂವತ್ತೊಂದನೆಯ ತಾರೀಖೂ ಅದರ ಜೊತೆಗೆ ಹೋಯಿತು.

ಈ ಗಡಿಬಿಡಿಯಲ್ಲಿ ಮೀನನ್ನು ನೀರಿಗೆ ಬಿಡುವ ನೆನಪು ಯಾರಿಗೂ ಆಗಿರಲಿಲ್ಲ.

ಮರುದಿನ ಮುಂಜಾನೆ ರಾಯರು ಮಿಂದು, ಮುದ್ರೆ ಹಚ್ಚಿಕೊಂಡು, ಪ್ರಸನ್ನರಾಗಿ ಹೊರಬಂದರು. ಕ್ಷಮಿಸುವುದರಲ್ಲಿ ದೊಡ್ಡವರೆಂದು ಅವರ ಬಗ್ಗೆ ಅವರಿಗೇ ಮೊದಲಿನಿಂದಲೂ ಅಭಿಪ್ರಾಯವಿತ್ತು. ಕಾಗದ ಇಸಿದುಕೊಂಡು ಉದ್ದಾದ ಸಹಿ ಮಾಡಿದರು. ಕೆಳಗೆ ತಾರೀಖು ಬರೆದರು: ೧-೧೧-೧೯೫೬.

“ನಿನ್ನಿ ತಾರೀಖು ಹಾಕ್ರಿ, ಕಾಲ ಬೀಳ್ತೇನಿ,” ಎಂದ ಹನಮಪ್ಪ.

“ಸುಳ್ಳು ಬರಿ ಅಂತೀ? ವ್ರತ ಕೆಡಿಸಿದ್ದು ಸಾಲದು ಅಂತ ಸತ್ಯಾನೂ ಕೆಡಸ್ತೀ?”

ಆ ಕಾಗದ ಹೊಸ ಸಾಹೇಬರ ಕಚೇರಿಗೆ ಹೋಗಿ ಎಂಟು ತಿಂಗಳು ಮಲಗಿ ತಿರುಗಿ ಬಂತು. ಸಹಿ ಮಾಡಿದವರಿಗೆ ಆ ದಿನ ಅಧಿಕಾರ ಇರಲಿಲ್ಲವೆಂದು ಕೆಂಪು ಮಸಿಯಲ್ಲಿ ಬರೆದಿತ್ತಂತೆ. ಹನಮಪ್ಪನಿಗೆ ಅದನ್ನು ಓದಿ ಹೇಳಿದವನು ಗೌಸಸಾಬ. ಹೊಸ ಸಾಹೇಬರಿಗೆ ಮೀನಿನ ಶೋಕಿ ಇರಲಿಲ್ಲ. ಮರುವರ್ಷವೂ, ಅದರ ಮರುವರ್ಷವೂ ಹನಮಪ್ಪ ರೋಜಂದಾರಿಯೇ. ಈಗ ಮೋಟಾರು ಒಡ್ಡಿನ ಹತ್ತಿರ ನಿಂತರೆ ಅವನು ತೂಬಿನ ಕಡೆ ಬೆನ್ನು ಮಾಡಿ ಕುಳಿತಿರುತ್ತಾನೆ. ಯಾರಿಗೂ ಬೈಯುವುದಿಲ್ಲ.

ಇದು ಹೀಗೇ ಆಗುತ್ತದೆಂದು ರಾಯರು ಸಹಿ ಮಾಡಿದ ಆ ಮುಂಜಾನೆಯೇ ಅವನಿಗೆ ತಿಳಿದಿತ್ತು. ಜೀಪಿಗೆ ರಾಯರ ಹಾಸಿಗೆ, ಪೂಜೆಯ ಪೆಟ್ಟಿಗೆ, ಗಾಳದ ಕೋಲು ಎಲ್ಲ ಏರಿಸಿ ಕೈಕಟ್ಟಿ ನಿಂತ. ಇಂಜಿನ್ ಶುರುವಾಯಿತು. ರಾಯರು ಕೆರೆಯ ಕಡೆ ನೋಡಿದರು, ಕಣ್ಣು ಒದ್ದೆಯಾದವು. ಜೀಪಿನಿಂದ ತಲೆ ಹೊರಗೆ ಹಾಕಿ ಮೆಲ್ಲಗೆ ಕೇಳಿದರು:

“ಹನಮಪ್ಪಾ, ನಾ ಇನ್ನ ಬರೂದಿಲ್ಲಂತ ಆ ಮೀನಕ್ಕ ತಿಳದಿರಬಹುದೇನೋ?”

“ಇಲ್ಲರಿ. ನಿನ್ನಿ ರಾತ್ರಿ ಸಾರು ಮಾಡಿ ತಿಂದೇವಿ.”