ಬೆನ್ನಿಗೆ ಬಿದ್ದ ಖೋ

1998ರಲ್ಲಿ, ಎಂಟನೇ ತರಗತಿಯಲ್ಲಿದ್ದಾಗ, ನಾನು ಶಾಲೆ ಬಿಟ್ಟೆ. ಕರಣಿ ಹಿಡಿದು ಗೌಂಡಿ ಕೆಲಸ ಕಲಿತೆ. ಅಂದಿನಿಂದ ದುಡಿಯದೆ ಬಂದದ್ದನ್ನು ಮನೆಯೊಳಗೆ ಬಿಟ್ಟುಕೊಂಡವನಲ್ಲ. ಗಾಳಿ, ದೆವ್ವ ಎನ್ನುವವರನ್ನು ಕಂಡರೆ ನಗುತ್ತಿದ್ದೆ. ನಾನೇ ಕಟ್ಟಿದ ಗೋಡೆಯನ್ನೂ ತೂಗುಗುಂಡು ಇಳಿಬಿಟ್ಟು ನೋಡದೆ ನಂಬದವನು, ಅಂಥ ಮಾತನ್ನು ನಂಬುವುದೆಲ್ಲಿ ಬಂತು? ಆದರೆ ಸುರಪುರದ ಮೈದಾನದಲ್ಲಿ ಹಾಡಹಗಲೇ ಆದದ್ದನ್ನು ಏನೆನ್ನಬೇಕೋ ತಿಳಿಯದೆ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮೂರ ಸರ್ಕಾರಿ ಹೈಸ್ಕೂಲಿನ ಹುಡುಗಿಯರು ತಾಲ್ಲೂಕು ಖೋಖೋದಲ್ಲಿ ಫೈನಲ್‌ಗೆ ಬಂದಿದ್ದರು. ನನ್ನ ಮಗಳು ಭಾಗ್ಯ ಅದರಲ್ಲಿದ್ದಳು. ಗೆದ್ದರೆ ಯಾದಗಿರಿಗೆ ಹೋಗುವುದು. ಆ ಶಾಲೆಯ ಯಾವ ತಂಡವೂ ಅಲ್ಲಿಯವರೆಗೆ ತಾಲ್ಲೂಕು ದಾಟಿರಲಿಲ್ಲ. ನಾನು ಭೀಮರಾಯನಗುಡಿಯ ಕೆಲಸ ಬಿಟ್ಟು ಬಂದು, ಮೈದಾನದ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ.

ಖೋಖೋದಲ್ಲಿ ಸಾಲಾಗಿ ಕುಳಿತವರು ಹಿಂದೆ ನೋಡುವಂತಿಲ್ಲ. ಅಟ್ಟಿಸಿಕೊಂಡು ಓಡುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಎಂದರೆ ಮಾತ್ರ ಏಳಬೇಕು. ಸುಮ್ಮನೆ ಎದ್ದರೆ ತಪ್ಪು.

ಆಟ ಮುಗಿಯುತ್ತ ಬಂದಿತ್ತು. ಎದುರಿನವರಲ್ಲಿ ಒಬ್ಬಳೇ ಉಳಿದಿದ್ದಳು. ಅವಳು ಔಟಾದರೆ ಗೆಲುವು ನಮ್ಮದು. ನಮ್ಮ ಶರಣಮ್ಮ ಅವಳನ್ನು ಅಟ್ಟಿಸಿಕೊಂಡು ಹೋಗಿ, ಆಚೆ ಕಂಬದ ಹತ್ತಿರ ಜಾರಿ ಬಿದ್ದಳು. ಅದನ್ನು ಕಂಡು ಎದುರಿನ ಹುಡುಗಿ, ಸಾಲಿನಲ್ಲಿ ಕುಳಿತಿದ್ದ ಭಾಗ್ಯಳ ಮುಂದೆಯೇ ದಮ್ಮು ತಗೊಳ್ಳಲು ನಿಂತಳು.

ಅಷ್ಟರಲ್ಲಿ ನನ್ನ ಬೆನ್ನಿಗೆ ಫಟ್ಟನೆ ಒಂದು ಅಂಗೈ ಬಿತ್ತು. 'ಖೋ' ಅನ್ನುವ ದನಿ ಕಿವಿಯ ಹತ್ತಿರವೇ ಕೇಳಿತು. ನಾನು ದಡಕ್ಕನೆ ಎದ್ದೆ. ಅದೇ ಗಳಿಗೆಗೆ ಮೈದಾನದಲ್ಲಿ ಭಾಗ್ಯಳೂ ಎದ್ದು ಆ ಹುಡುಗಿಯನ್ನು ಮುಟ್ಟಿದಳು. ಅಂಪೈರು ಔಟ್ ಕೊಟ್ಟ.

ಪಕ್ಕದಲ್ಲಿ ಕುಳಿತಿದ್ದ ನಮ್ಮೂರ ಹೆಣ್ಣುಮಗಳು ನಕ್ಕಳು. "ಯಾಕೋ ಗೌಂಡಿ, ಚೇಳು ಕಡೀತೇನು? ಆಡೋರು ಅವ್ರು, ಓಡಾಂವ ನೀನೇನು?"

ಎದುರಿನ ತಂಡದ ಮಾಸ್ತರು ಅಂಪೈರನ ಮೇಲೆ ಏರಿ ಹೋದರು. "ಬಿದ್ದಾಕಿ ಖೋ ಹೆಂಗ ಕೊಡ್ತಾಳ್ರಿ?"

"ನಾ ಕಿವಿಯಿಂದ ಕೇಳೀನ್ರಿ. ಬೆನ್ನಿಗೆ ಕೈ ಬಿದ್ದಿದ್ದೂ ನೋಡೀನಿ."

"ಯಾರ ಕೈ?"

"ಆಟದಾಗ ಕೈ ನೋಡ್ತಾರ್ರಿ ಸರ, ಮಾರಿ ಯಾರ್ ನೋಡ್ತಾರ?"

ನಾನು ತಿರುಗಿ ಗೋಡೆ ನೋಡಿದೆ. ಕಲ್ಲು ಕಲ್ಲನ್ನೂ ಬಡಿದು, ಸಂದಿಗೆ ಬೆರಳಿಟ್ಟು ನೋಡಿದೆ. ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಆಚೆ ಬದಿಗೆ ಹೋದೆ. ಜಾಲಿಮುಳ್ಳು, ಮನುಷ್ಯ ನಿಲ್ಲುವಂತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಭಾಗ್ಯಳನ್ನು ಕೇಳಿದೆ, ಖೋ ಕೊಟ್ಟವರು ಯಾರೆಂದು.

"ಶರಣಿ ಕೊಟ್ಲಲಾ ಅಪ್ಪಾ."

ಮೊಣಕಾಲಿನ ಗಾಯಕ್ಕೆ ನೀರು ಹಾಕಿಕೊಳ್ಳುತ್ತಿದ್ದ ಶರಣಮ್ಮ ತಲೆ ಎತ್ತಿದಳು. "ನಾ ಎಲ್ಲಿ ಕೊಟ್ಟೆನೇ? ನಾ ಬಿದ್ದಲ್ಲೇ ಬಿದ್ದಿದ್ದೆ."

ಭಾಗ್ಯಳ ಮುಖ ಸಣ್ಣದಾಯಿತು. ಕೊರಳಿನ ಮೆಡಲನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು: "ಹಂಗಾದ್ರ ಇದನ್ನ ವಾಪಸ್ ಕೊಡಬೇಕೇನಪಾ?"

"ನಿನ್ನ ಬೆನ್ನಿಗೆ ಬಿದ್ದಿದ್ದು ಖರೇನಾ?" ಎಂದೆ.

"ಖರೇ. ಇನ್ನಾ ಉರಿಯಾಕತ್ತೈತಿ."

ನನ್ನ ಬೆನ್ನೂ ಉರಿಯುತ್ತಿತ್ತು. ಅದನ್ನು ಹೇಳದೆ, "ಹಂಗಾರ ಇಟ್ಕೊ" ಎಂದೆ. ಹಾಗೆ ಹೇಳಿದ್ದು ಸರಿಯೋ ತಪ್ಪೋ, ಇಂದಿಗೂ ಗೊತ್ತಿಲ್ಲ. ಯಾದಗಿರಿಯಲ್ಲಿ ಹುಡುಗಿಯರು ಮೊದಲ ಆಟದಲ್ಲೇ ಸೋತರು. ಆದರೂ ತಾಲ್ಲೂಕು ದಾಟಿದ ಶಾಲೆ ಎಂಬ ಹೆಸರು ಉಳಿಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕೋಣೆಯ ಸ್ವಂತ ಮನೆ, ಕಾಂಕ್ರೀಟ್ ಕಲಸುವ ಒಂದು ಮಿಷನ್ನು, ಕೈಕೆಳಗೆ ಆರು ಜನ, ಡಿಗ್ರಿ ಓದುವ ಒಬ್ಬ ಮಗಳು. ಗೋಡೆಯ ಗೂಡಿನಲ್ಲಿ ಒಂದು ಮೆಡಲೂ ಇದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ತಿಳಿಯದು.