ದೋಣಿಯ ಖೋಲಿಯಲ್ಲಿ ಜಾಗವಿತ್ತು

ಜಾಗವಿತ್ತು. ಕಲ್ಲಪ್ಪನ ದೋಣಿಯ ಖೋಲಿಯಲ್ಲಿ ಅವನ ತಂಗಿ ಗಂಗವ್ವ ಮಲಗುವಷ್ಟು ಜಾಗವಿತ್ತು. ಇಲ್ಲ ಎಂದು ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಯಾಕೆ ಹೇಳಿದೆ ಎನ್ನುವುದು ಮಾತ್ರ — ಇಷ್ಟು ವರ್ಷ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತ ಬಂದಿದ್ದೇನೆ, ಇನ್ನೂ ತಿಳಿದಿಲ್ಲ. ತಿಳಿದ ಮೇಲೆ ಬರೆಯೋಣವೆಂದು ಕಾದೆ. ಇನ್ನು ಕಾಯಲಾರೆ. ತಿಳಿಯದೆಯೇ ಬರೆಯುತ್ತೇನೆ.

ನಾನು ರಬಕವಿಯ ಬಡಿಗ, ಮಾನಪ್ಪ. ರಬಕವಿ, ಬನಹಟ್ಟಿಗಳಲ್ಲಿ ಮಗ್ಗ ಕೂಡಿಸುವುದು, ಮುರಿದದ್ದನ್ನು ರಿಪೇರಿ ಮಾಡುವುದು ನನ್ನ ಕಸುಬು. ಸಂಸ್ಥಾನಗಳೆಲ್ಲ ಮುಂಬೈ ರಾಜ್ಯದಲ್ಲಿ ಸೇರಿಹೋದ ಮರುವರ್ಷದ ಬೇಸಿಗೆಯಲ್ಲಿ ಅಂಬಿಗರ ಕಲ್ಲಪ್ಪ ನನ್ನನ್ನು ಹುಡುಕಿಕೊಂಡು ಬಂದ. ಅವನು ಹೊಸದಾಗಿ ಒಂದು ಹಳೆಯ ದೋಣಿ ಕೊಂಡಿದ್ದ. ಯಾವುದೋ ಅಧಿಕಾರಿ ಹೊಳೆದಂಡೆಯ ಊರುಗಳಿಗೆ ತಿರುಗಾಡಲು ಮಾಡಿಸಿಕೊಂಡದ್ದಂತೆ ಅದು. ಉದ್ದ ಬಹಳ, ಅಗಲ ಕಡಿಮೆ. ಹಿಂಬದಿಗೆ ಹಲಗೆಯ ಒಂದು ಸಣ್ಣ ಖೋಲಿ, ಅದರ ತುಂಬ ಒಂದೇ ದೊಡ್ಡ ಮಂಚ. ಸಾಹೇಬನೊಬ್ಬನೇ ಕಾಲು ಚಾಚಿ ಮಲಗಲಿಕ್ಕೆ.

ಕಲ್ಲಪ್ಪ ಆ ದೋಣಿಯಲ್ಲಿ ಸೀರೆಯ ಗಂಟು, ಬೆಲ್ಲ, ಜೋಳ ಹೇರಿಕೊಂಡು ರಬಕವಿಯಿಂದ ಜಮಖಂಡಿ ಕಡೆಯ ಕಟ್ಟೆಗೆ, ಅಲ್ಲಿಂದ ಕೆಳಗೆ ಬೀಳಗಿ ಕಡೆಯ ಗಲಗಲಿಯವರೆಗೆ ಹೋಗಿಬರುತ್ತಿದ್ದ. ಹೋದರೆ ಎಂಟು ದಿನ. ಹೆಂಡತಿ ಸುಂದ್ರವ್ವನೂ ಎರಡು ವರ್ಷದ ಮಗಳೂ ಜೊತೆಗೇ. ದೋಣಿಯೇ ಅವರ ಮನೆ.

“ಮಂಚ ಕಿತ್ತು ಹಾಕ್ರಿ ಬಡಿಗೇರ್ರ,” ಎಂದ. “ನಾವು ಗಂಡ-ಹೆಣ್ತಿ ಕೂಸು ಮಲಗಾಕ ಒಂದು, ನಮ್ಮ ಗಂಗವ್ವಗ ಒಂದು. ಸಾಮಾನ ಇಡಾಕೂ ಜಾಗ ಆಗಬೇಕು. ಹೆಂಗ ಮಾಡ್ತೀರೋ ಮಾಡ್ರಿ.”

ಗಂಗವ್ವ ಅವನ ಒಬ್ಬಳೇ ತಂಗಿ. ಬನಹಟ್ಟಿಯಲ್ಲಿದ್ದಳು. ಅವಳ ಗಂಡ ಅಲ್ಲಿ ಪರರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವಳು ಅದೇ ಮಗ್ಗದ ಮನೆಯ ಹೊಸ್ತಿಲ ಹತ್ತಿರ ಕೂತು ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದಳು. ಅವಳನ್ನು ನಾನು ಬಲ್ಲೆ. ಆ ಮಗ್ಗದ ರಿಪೇರಿಗೆ ಹೋದಾಗಲೆಲ್ಲ ಒಂದು ತಂಬಿಗೆ ನೀರು ತಂದಿಡುವಳು, ಎರಡು ಮಾತು ಆಡುವಳು. ಅಷ್ಟೇ. ಅಷ್ಟೇ ಎಂದು ಬರೆಯುತ್ತೇನೆ, ಮತ್ತೆ ಅಲ್ಲಿಗೇ ನಿಲ್ಲುತ್ತೇನೆ — ಅಷ್ಟೇ ಆಗಿದ್ದರೆ ಆ ಓಣಿಗೆ ಹೋಗುವ ದಿನ ನಾನು ಒಗೆದ ಅಂಗಿಯನ್ನೇ ಯಾಕೆ ಹಾಕುತ್ತಿದ್ದೆ? ಮನೆಯಲ್ಲಿ ನನಗೆ ಹೆಂಡತಿ ಇದ್ದಳು. ಒಳ್ಳೆಯವಳು. ಗಂಗವ್ವನಿಂದ ನಾನು ಏನನ್ನೂ ಬಯಸಿದವನಲ್ಲ. ಅಥವಾ ಬಯಸಿದ್ದೆ, ಅದಕ್ಕೊಂದು ಹೆಸರು ಇಟ್ಟುಕೊಂಡಿರಲಿಲ್ಲ.

ಹೊಳೆ ಇಳಿದಿತ್ತು. ದೋಣಿಯನ್ನು ಮರಳಿನ ಮೇಲೆ ಎಳೆದು ನಿಲ್ಲಿಸಿದ್ದರು. ನಾನು ಮಂಚ ಕಿತ್ತೆ. ಖೋಲಿ ಹತ್ತು ಫೂಟು ಉದ್ದ. ಎಡಗಡೆಯ ಗೋಡೆಗುಂಟ ಗಂಡ-ಹೆಂಡತಿಗೆ ಆರು ಫೂಟಿನ ಮಂಚ, ಅದರ ಕೆಳಗೆ ಬಟ್ಟೆಬರೆಗೆ, ಪಾತ್ರೆಗೆ ಎಳೆದು ತೆಗೆಯುವ ಪೆಟ್ಟಿಗೆಗಳು. ತುದಿಯಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಅಡ್ಡಲಾಗಿ, ಎದೆಯೆತ್ತರಕ್ಕೆ ಗಂಗವ್ವನ ಮಂಚ. ಅದರ ಕೆಳಗೆ ಜೋಳದ ಚೀಲ. ನಡುವೆ ಒಂದು ಪರದೆ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಾಗ ಕಲ್ಲಪ್ಪ ಕುಣಿದಾಡಿಬಿಟ್ಟ.

ಒಂದು ದಿನ ಗಂಗವ್ವನೇ ನೋಡಲು ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅಂಬಿಗರ ಮನೆಯ ಮಗಳು, ಮದುವೆಯಾಗಿ ಹೋದ ಮೇಲೆ ಹೊಳೆಯ ಮೇಲೆ ಇದ್ದದ್ದೇ ಇಲ್ಲವಂತೆ. ದೋಣಿಯ ಅಂಚನ್ನು ಸವರಿ ಸವರಿ ನೋಡಿದಳು.

“ನಂದೇನ ಭಾಳ ಅಳತಿ ಇಲ್ರಿ,” ಎಂದು ನಕ್ಕಳು. “ಕುಳ್ಳಿ ಅದೀನಿ. ಒಂದೀಟ ಜಾಗ ಆದ್ರ ಸಾಕು.”

ಗಂಡ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಆ ನಗುವಿನಲ್ಲಿ ಬನಹಟ್ಟಿಯನ್ನು ಬಿಟ್ಟುಹೋಗುವ ಸಂತೋಷವಿತ್ತು. ನನಗೆ ಒಳಗೆ ಏನೋ — ಸಿಟ್ಟಲ್ಲ, ದುಃಖವೂ ಅಲ್ಲ. ಇಂದಿಗೂ ಹೆಸರಿಲ್ಲ ಅದಕ್ಕೆ.

ಅವಳು ಹೋದ ಮೇಲೆ ಸುಂದ್ರವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಖೋಲಿಯ ಬಾಗಿಲಲ್ಲಿ ಬಂದು ನಿಂತಳು. ಬಹಳ ಹೊತ್ತು ಆ ಸೀಮೆಸುಣ್ಣದ ಗೆರೆಗಳನ್ನು ನೋಡಿದಳು. “ಇಷ್ಟರಾಗ ಎಲ್ಲಾರೂ...” ಎಂದಳು. ಮಾತು ಮುಗಿಸಲಿಲ್ಲ. ಹೋಗಿಬಿಟ್ಟಳು.

ಮರುದಿನ ಅಡ್ಡಮಂಚಕ್ಕೆ ಅಳತೆ ತೆಗೆದೆ. ದೋಣಿ ತಳದಲ್ಲಿ ಕಿರಿದು, ಮೇಲೆ ಬಂದಂತೆ ಅಗಲ. ಎದೆಯೆತ್ತರದಲ್ಲಿ ಐದು ಫೂಟಿನ ಮೇಲೆ ಎರಡು ಇಂಚು ಬಂತು. ಗಂಗವ್ವ ಆರಾಮಾಗಿ ಮಲಗಬಹುದು. ಆಮೇಲೆ ಕೈಯಲ್ಲಿದ್ದ ಗಜಕೋಲನ್ನು ನೆಲಕ್ಕೆ ಇಳಿಸಿ ಅಲ್ಲಿಯೂ ಅಳೆದೆ. ನಾಲ್ಕೂವರೆ. ಅಲ್ಲಿ ಅಳೆಯುವ ಕಾರಣವೇ ಇರಲಿಲ್ಲ. ನೆಲದ ಮೇಲೆ ಯಾರೂ ಮಲಗುವವರಿರಲಿಲ್ಲ.

ಹೊರಗೆ ಬಂದು ಕಲ್ಲಪ್ಪನಿಗೆ ಹೇಳಿದೆ: “ನಾಲ್ಕೂವರಿ ಫೂಟು ಅಷ್ಟ ಬರ್ತೈತಿ. ಮಂಚ ಕೂಡಂಗಿಲ್ಲ.”

ಅವನ ಮುಖ ಇಳಿಯಿತು. “ಬ್ಯಾರೆ ಏನಾರ ಹಂಚಿಕಿ ಐತೇನ್ರಿ?”

“ಇಲ್ಲ. ಅಲ್ಲಿ ಸಾಮಾನಿನ ಗೂಡ ಮಾಡಿಕೊಡ್ತೀನಿ.”

ಅವನು ಒಳಗೆ ಹೋಗಿ ಅಳೆಯಲಿಲ್ಲ. ಬಡಿಗ ಹೇಳಿದ ಮೇಲೆ ಯಾರು ಅಳೆಯುತ್ತಾರೆ? ನಾನು ಎರಡು ದಿನದಲ್ಲಿ ಅಲ್ಲಿ ಗಟ್ಟಿಮುಟ್ಟಾದ ಗೂಡು ಕಟ್ಟಿದೆ. ಸೀರೆಯ ಗಂಟಿಗೆ ಮೂರು ಅಂತಸ್ತು, ಕೆಳಗೆ ಜೋಳಕ್ಕೆ ಕಣಜ. ನನ್ನ ಕೈಯ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಅವಳು ಬನಹಟ್ಟಿಯಲ್ಲೇ ಉಳಿಯಲಿ, ಆ ಹೊಸ್ತಿಲ ಹತ್ತಿರ ಕೂತಿರಲಿ ಎಂದು ಮಾಡಿದೆನೆ? ಸುಂದ್ರವ್ವನ ಮುಗಿಯದ ಮಾತನ್ನು ನಾನೇ ಮುಗಿಸಿದೆನೆ? ಅಥವಾ ಬರೀ ನಗುತ್ತ ಹೋಗುವವರನ್ನು ಕಂಡು — ನೋಡಿ, ಮೂರು ಕಾರಣ ಬರೆದೆ. ಒಂದೊಂದನ್ನು ಎತ್ತಿಕೊಂಡಾಗ ಅದೇ ಖರೆ ಅನ್ನಿಸುತ್ತದೆ. ಕೆಳಗಿಟ್ಟ ಕೂಡಲೇ ಇನ್ನೊಂದು.

ತಂಗಿಗೆ ಹೇಳುವ ಧೈರ್ಯ ಕಲ್ಲಪ್ಪನಿಗೆ ಆಗಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಹೊಳೆಗೆ ಹೊಸ ನೀರು ಬಂತು. ದೋಣಿ ನೀರಿಗಿಳಿಸುವ ದಿನ ಮುಂಜಾನೆಯೇ ಗಂಗವ್ವ ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ ಹೊರಿಸಿಕೊಂಡು ದಂಡೆಗೆ ಬಂದಳು. ಕಲ್ಲಪ್ಪ ಮುಂದುಗಡೆ ಹಗ್ಗದ ಕೆಲಸದಲ್ಲಿದ್ದ. ನಾನು ಬಾಗಿಲಿಗೆ ತಿರುಗಣಿ ಕೂಡಿಸುತ್ತಿದ್ದೆ. ಅವಳು ನೇರ ಖೋಲಿಗೆ ಬಂದು ಆ ಗೂಡಿನ ಮುಂದೆ ನಿಂತಳು.

“ಇಲ್ಲೇ ಅಲ್ಲೇನ್ರಿ ನನ್ನ ಜಾಗ?”

“ಅಳತಿಗೆ ಕೂಡಲಿಲ್ಲವ್ವಾ,” ಎಂದೆ.

“ಖರೇನ ಜಾಗ ಇಲ್ಲೇನ್ರಿ?”

“ಇಲ್ಲವ್ವಾ.”

ಅವಳು ಗೂಡಿನ ಮುಂದೆ ನಿಂತು ಎರಡೂ ಕೈಗಳನ್ನು ಎರಡೂ ಕಡೆಗೆ ಪೂರಾ ಚಾಚಿದಳು. ಮಗ್ಗದ ಮನೆಯವರು ನೂಲು ಅಳೆಯುವಂತೆ. ಬಲಗೈಯ ಬೆರಳು ಗೋಡೆಗೆ ತಾಗಿತು. ಎಡಗೈಯ ಬೆರಳಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನಷ್ಟು ಬಯಲು ಉಳಿಯಿತು. ಚಾಚಿದ ಕೈ ಎಷ್ಟೋ ಆಳು ಅಷ್ಟೇ ಉದ್ದ ಎನ್ನುವುದು ಮಗ್ಗದ ಮನೆಯವರಿಗೂ ಗೊತ್ತು, ಬಡಿಗನಿಗೂ ಗೊತ್ತು. ಅವಳು ಆ ಬಯಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೈ ಇಳಿಸಿದಳು.

ಆಗ ಹೇಳಬಹುದಿತ್ತು. ಗೂಡು ಕೀಳಲು ಅರ್ಧ ದಿನ ಸಾಕಿತ್ತು.

“ಮುಖಾ ನೋಡಿ ಹೇಳಾಕ ಆಗಲಿಲ್ಲ, ನಿಮ್ಮ ಬಾಯಿಲೆ ಹೇಳಿಸ್ಯಾರ,” ಎಂದಳು ಮೆಲ್ಲಗೆ. “ನಿಮ್ಮ ತಪ್ಪಿಲ್ಲ ಬಿಡ್ರಿ.”

ಅಣ್ಣ ಅತ್ತಿಗೆ ತನ್ನನ್ನು ಬೇಡವೆಂದರು, ನನ್ನಿಂದ ಸುಳ್ಳು ಹೇಳಿಸಿದರು ಎಂದು ತಿಳಿದಳು. ಅಲ್ಲ ಎನ್ನಬೇಕಿತ್ತು. ನಾನು ತಿರುಗಣಿಯ ಕಡೆಗೆ ಬಗ್ಗಿದೆ. ಅವಳು ಇಳಿದು, ಟ್ರಂಕು ಹೊರಿಸಿಕೊಂಡು, ಕಲ್ಲಪ್ಪ ಹಿಂದಿನಿಂದ ಕೂಗುತ್ತಿದ್ದರೂ ತಿರುಗಿ ನೋಡದೆ ನಡೆದಳು.

ಅವಳು ಬನಹಟ್ಟಿಯಲ್ಲೂ ಉಳಿಯಲಿಲ್ಲ. ತಿಂಗಳೊಳಗೆ ಮಗ್ಗದ ಮಾಲೀಕ ಆ ಮನೆಗೆ ಬೇರೆ ನೇಕಾರನನ್ನು ತಂದ. ಬೀಳಗಿ ಕಡೆಯ ಹಳ್ಳಿಯಿಂದ ಅವಳ ಗಂಡನ ಅಣ್ಣ ಬಂಡಿ ತಂದು ಕರೆದುಕೊಂಡು ಹೋದ. ಊರಲ್ಲಿ ಮಾತು ಹಬ್ಬಿತು: ಕಲ್ಲಪ್ಪ ಗಂಡ ಸತ್ತ ತಂಗಿಯನ್ನು ದೋಣಿಯಿಂದ ಇಳಿಸಿ ಕಳಿಸಿದನಂತೆ, ಜೋಳದ ಚೀಲಕ್ಕೆ ಜಾಗ ಇತ್ತಂತೆ, ತಂಗಿಗೆ ಇರಲಿಲ್ಲವಂತೆ. ನಾನು ಕೂತ ಕಟ್ಟೆಯ ಮೇಲೇ ಆ ಮಾತು ಆಡಿದರು. ನಾನು ಕೇಳಿಸಿಕೊಂಡು ಕೂತೆ.

ಪ್ರತಿ ವರ್ಷ ನಾಗರ ಪಂಚಮಿಗೆ ಕಲ್ಲಪ್ಪ ತಂಗಿಯನ್ನು ಕರೆಯಲು ಹೋಗುತ್ತಿದ್ದ. ಸೀರೆ, ಉಂಡಿ ಒಯ್ದು, ಹಾಗೇ ತಿರುಗಿ ತರುತ್ತಿದ್ದ.

“ಬಾಗಿಲದಾಗ ನಿಂತು ಆರಾಮ ಅದೀನಿ ಅಂತಾಳ್ರಿ. ಒಳಗ ಬಾ ಅನ್ನಂಗಿಲ್ಲ,” ಎಂದು ಒಮ್ಮೆ ನನ್ನ ಹತ್ತಿರ ಕೂತು ಹೇಳಿದ. “ಜಾಗ ಇರಲಿಲ್ಲ, ನಾ ಏನ ಮಾಡಬೇಕಿತ್ತು? ಅಷ್ಟಕ್ಕ ಇಷ್ಟ ಸಿಟ್ಟೇನ್ರಿ?”

“ಹೆಣ್ಮಕ್ಕಳ ಸಿಟ್ಟು. ಇಳೀತೈತಿ ಬಿಡು,” ಎಂದೆ. ಮೊದಲನೆಯ ಸುಳ್ಳಿಗಿಂತ ಈ ಮಾತು ನನಗೆ ಈಗ ಹೆಚ್ಚು ಹೇಸಿಗೆ ತರಿಸುತ್ತದೆ.

ಏಳನೆಯ ವರ್ಷ ಕಲ್ಲಪ್ಪ ಎದೆನೋವಿನಿಂದ ತೀರಿಕೊಂಡ. ಗಂಗವ್ವನಿಗೆ ಸುದ್ದಿ ಹೋಯಿತು. ಅವಳು ಬರಲಿಲ್ಲ. ದಂಡೆಯ ಮೇಲೆ ಹೆಣ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರು. ನಾನೂ ಕಾದೆ. ಅವಳು ಬಾರದಿರುವುದಕ್ಕೆ ನನ್ನ ಸುಳ್ಳೇ ಕಾರಣ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹದಿನೈದು ದಿನಕ್ಕೆ ನಾನು ಜಮಖಂಡಿಗೆ ಹೋಗಿ ಬೀಳಗಿಯ ಮೋಟಾರು ಹತ್ತಿದೆ. ಗಂಗವ್ವ ಭಾವನ ಮನೆಯ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ತಲೆ ಅರ್ಧ ನೆರೆತಿತ್ತು. ಹಿಂದೆ, ಪಡಸಾಲೆಯಲ್ಲಿ, ಎರಡು ಸಾಲು ಚೀಲಗಳ ನಡುವೆ ಅವಳ ಹಾಸಿಗೆ ಸುರುಳಿ ಇತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಐದು ಫೂಟು ಎರಡು ಇಂಚು ಎಂದೂ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. “ನಮ್ಮಣ್ಣಗ ಗೊತ್ತಿರಲಿಲ್ಲೇನು?”

“ಇಲ್ಲ.”

“ವೈನಿಗೆ?” ಎಂದು ಅತ್ತಿಗೆಯ ಬಗ್ಗೆ ಕೇಳಿದಳು.

“ಇಲ್ಲ. ಯಾರಿಗೂ ಇಲ್ಲ.”

“ಯಾಕ್ರಿ?” ಎಂದಳು. ಬೈಗುಳವಲ್ಲ, ನಿಜವಾಗಿ ಕೇಳಿದಳು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ಉತ್ತರಗಳೆಲ್ಲ ಆ ಅಂಗಳದಲ್ಲಿ ಹುರುಳಿಲ್ಲದವಾದವು. “ಗೊತ್ತಿಲ್ಲವ್ವಾ,” ಎಂದೆ.

ಅವಳು ಒಳಗೆ ಹೋಗಿ ಒಂದು ಸೀರೆಯನ್ನು ಗಂಟು ಕಟ್ಟಿಕೊಂಡು ಬಂದಳು. “ನಡ್ರಿ. ವೈನಿ ಮುಂದ ಇದನ್ನ ಹೇಳ್ರಿ. ಆಕಿನ್ನ ನಾ ಏಳ ವರ್ಷ ಶಾಪ ಹಾಕೇನಿ.”

ಮೋಟಾರಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ. ರಬಕವಿಗೆ ಬಂದು ಇಳಿದ ಮೇಲೆ ನಾನು ದಾರಿ ತೋರಿಸಿದೆ. ಸುಂದ್ರವ್ವ ಆಗ ಊರೊಳಗೆ ಬಾಡಿಗೆಯ ಮನೆಯಲ್ಲಿದ್ದಳು. ಬಾಗಿಲಲ್ಲಿ ನಾದಿನಿಯನ್ನು ಕಂಡು ಕೈಯಲ್ಲಿದ್ದ ಹಿಟ್ಟಿನ ಪಾತ್ರೆ ಹಾಗೇ ಹಿಡಿದು ನಿಂತಳು. ನಾನು ಮತ್ತೆ ಮೊದಲಿನಿಂದ ಹೇಳಿದೆ.

ಸುಂದ್ರವ್ವ ನನಗಲ್ಲ, ಗಂಗವ್ವನಿಗೆ ಹೇಳಿದಳು: “ಜಾಗ ಇಲ್ಲ ಅಂದಾಗ ನಾ ಹಗರಾದೆ, ಗಂಗವ್ವಾ. ಒಂದ ದಿನ. ಮರುದಿನದಿಂದ ನಿನ್ನ ಅಣ್ಣನ ಮಾರಿ ನೋಡಾಕ ಆಗಲಿಲ್ಲ. ಸಾಯೂಮುಂದ ಎರಡ ಸರ್ತಿ ಕೇಳಿದ್ರು, ಗಂಗವ್ವ ಬಂದ್ಲೇನು ಅಂತ.”

ಗಂಗವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸುಂದ್ರವ್ವ ಪಾತ್ರೆ ಇಟ್ಟು ಅವಳನ್ನು ಎತ್ತಿ ಒಳಗೆ ಕರೆದುಕೊಂಡಳು. ನನ್ನ ಕಡೆಗೆ ತಿರುಗಿ, “ನೀವಿನ್ನ ಹೋಗ್ರಿ,” ಎಂದಳು.

ಹೋದೆ. ಗಂಗವ್ವ ಬೀಳಗಿ ಕಡೆಗೆ ತಿರುಗಿ ಹೋಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದರು, ಕಲ್ಲಪ್ಪನ ಮಗಳ ಮದುವೆ ಮಾಡಿದರು. ಇದು ಸರಿಹೋಯಿತು ಎಂದು ನಾನು ಬರೆಯುತ್ತಿಲ್ಲ. ಸುಂದ್ರವ್ವ ಒಂದು ದಿನ ಹಗುರಾದದ್ದು ಅವಳ ಮನಸ್ಸಿನ ಮಾತು. ಅದರಿಂದ ನನ್ನ ಭಾರ ಕಡಿಮೆಯಾಗುವುದಿಲ್ಲ. ಅವಳು ಮನಸ್ಸಿನಲ್ಲಿ ಅಂದುಕೊಂಡಳು. ಬಾಯಿಬಿಟ್ಟು ಹೇಳಿದವನು ನಾನು.

ಒಂದು ಉಳಿದಿದೆ. ಆ ಇಬ್ಬರು ಹೆಣ್ಣುಮಕ್ಕಳು ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ಹಾಗಾಗಿ ಊರಿನ ಮಾತು ಊರಿನಲ್ಲೇ ಉಳಿಯಿತು. ಇಂದಿಗೂ ಹೊಳೆದಂಡೆಯಲ್ಲಿ ಕೂತ ಮುದುಕರು, ತಂಗಿಯನ್ನು ದೋಣಿಯಿಂದ ಇಳಿಸಿದ ಕಲ್ಲಪ್ಪ ಎಂದೇ ಅವನನ್ನು ನೆನೆಯುತ್ತಾರೆ. ಅವನು ಇಳಿಸಲಿಲ್ಲ. ಅವಳಿಗಾಗಿಯೇ ಆ ಖೋಲಿಯನ್ನು ಒಡೆಸಿ ಹೊಸದಾಗಿ ಮಾಡಿಸಲು ಬಂದವನು ಅವನು. ನಿಮ್ಮೆದುರು ಯಾರಾದರೂ ಆ ಮಾತು ಎತ್ತಿದರೆ ಸುಮ್ಮನೆ ಕೂಡಬೇಡಿ. ಅದು ಕಲ್ಲಪ್ಪನಲ್ಲ, ಬಡಿಗೇರ ಮಾನಪ್ಪ ಎಂದು ಹೇಳಿ.